ಬುರುಡೆ ತಟ್ಟಿ ಕೇಳಿದವರು: ಲಕ್ವಾ, ಆಯಸ್ಕಾಂತ ಮತ್ತು ‘ಕೈ ಬರ್ತೈತೇನ್ರಿ?’ ಅನ್ನೋ ಪ್ರಶ್ನೆ

📍 ಭಾಗ 1/8: ಕಲ್ಲಿನ ನಗಾರಿ

ಮೊದಲನೇ ಫೋಟೋ ನೋಡ್ರಿ. ಗಂಗಾವತಿ ಹತ್ರದ ಹಿರೇಬೆಣಕಲ್ ಗುಡ್ಡ. ಸಾವಿರಾರು ವರ್ಷ ಹಳೆಯ ಕಲ್ಮನೆ ಸಮಾಧಿಗಳು ಇರೋ ಜಾಗ. ಅಲ್ಲೇ ಒಂದು ಬಂಡೆಯ ಮೇಲೆ ಅರ್ಧಗೋಳದ ಆಕಾರದ ದೊಡ್ಡ ಕಲ್ಲೈತಿ. ಬಡಿದ್ರೆ ನಗಾರಿ ಹಂಗ ಸದ್ದು ಮಾಡ್ತೈತಿ. (ಪುರಾತನ ಜಾಗ, ಹೋಗಿ ಬಡೀಬ್ಯಾಡ್ರಿ ಮತ್ತ!)

ಒಂದು ವಸ್ತುವನ್ನು ಒಡೆಯದೆ ಅದರ ಒಳಗೇನಿದೆ ಅಂತ ತಿಳಿಯೋಕೆ ಮನುಷ್ಯ ಕಂಡುಕೊಂಡ ಹಳೇ ಉಪಾಯ ಅಂದ್ರೆ ತಟ್ಟೋದು. ಸಂತ್ಯಾಗ ಕಲ್ಲಂಗಡಿ ತಟ್ಟಿ ನೋಡ್ತೀವಿ. ಹೊಸ ಗಡಿಗಿ ಬೆರಳಿಂದ ಬಾರಿಸಿ ಬಿರುಕು ಐತೋ ಇಲ್ಲೋ ಅಂತ ಕೇಳ್ತೀವಿ. 1761ರಲ್ಲಿ ವಿಯೆನ್ನಾದ ವೈದ್ಯ ಔಎನ್‌ಬ್ರುಗರ್ ಇದೇ ಉಪಾಯವನ್ನು ರೋಗಿಯ ಎದೆಗೆ ತಂದ. ಅವನ ಅಪ್ಪ ಖಾನಾವಳಿ ಇಟ್ಟಿದ್ದವನು. ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟಿದೆ ಅಂತ ತಟ್ಟಿ ತಿಳಿಯೋದು ಆ ಮನೆಯಲ್ಲಿ ದಿನದ ಕೆಲಸ. ಇವತ್ತಿಗೂ ಡಾಕ್ಟರು ಎದೆ, ಹೊಟ್ಟೆ ತಟ್ಟಿ ನೋಡ್ತಾರೆ.

ಆದರೆ ತಲೆಬುರುಡೆ? ಅದರೊಳಗಿನ ಮೆದುಳನ್ನು ಹೊರಗಿನಿಂದ ತಟ್ಟಿ, ‘ಏನಪಾ, ಇದ್ದೀಯಾ? ಕೈಗೆ ಹೇಳಿ ಕಳಿಸಬಲ್ಲೆಯಾ?’ ಅಂತ ಕೇಳೋಕೆ ಆಗ್ತದಾ?

ಆಗ್ತದೆ. 1985ರಿಂದ ಆಗ್ತಿದೆ. ಆ ಕಥೇನೇ ಈ ಸರಣಿ. ಇದು ಬರೀ ಯಂತ್ರದ ಕಥೆ ಅಲ್ಲ. ಲಕ್ವಾ ಹೊಡೆದ ಪ್ರತಿ ಮನೆಯಲ್ಲೂ ಮೂರನೇ ದಿನಕ್ಕೆ ಒಂದು ಪ್ರಶ್ನೆ ಏಳ್ತದೆ: ‘ಡಾಕ್ಟ್ರೇ, ನಮ್ಮಪ್ಪನ ಕೈ ಮತ್ತ ಬರ್ತೈತೇನ್ರಿ?’ ಹೊಲ ಯಾರು ನೋಡ್ಕೋಬೇಕು, ಸಾಲ ಎಷ್ಟು ಮಾಡಬೇಕು, ಮಗಳು ಕಾಲೇಜು ಬಿಡಬೇಕಾ ಅನ್ನೋದೆಲ್ಲ ಆ ಉತ್ತರದ ಮೇಲೆ ನಿಂತಿರ್ತದೆ. ನೂರಾರು ವರ್ಷ ಅದಕ್ಕೆ ಸಿಕ್ಕ ಉತ್ತರ ಒಂದೇ: ‘ನೋಡೋಣ.’

ಆ ‘ನೋಡೋಣ’ ಅನ್ನೋದನ್ನು ಅಳೆಯೋ ಹಾಗೆ ಮಾಡಿದವರು ಯಾರು? ಬರ್ರಿ, ಮುಂದಕ್ಕೆ ಹೋಗೋಣ 👉

📍 ಭಾಗ 2/8: ಒಂದು ಹೆಸರು, ಎರಡು ರೋಗ

ಪುಸ್ತಕದಲ್ಲಿ ‘ಪಾರ್ಶ್ವವಾಯು’ ಅಂತ ಬರೀತೀವಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಯಾರೂ ಹಂಗ ಅನ್ನಲ್ಲ. ‘ಲಕ್ವಾ ಹೊಡೀತು’ ಅಂತಾರ.

ಈ ಲಕ್ವಾ ಅರಬ್ಬಿ ಮೂಲದ ಪದ. ಯುನಾನಿ ವೈದ್ಯದಲ್ಲಿ ‘ಲಕ್ವಾ’ ಅಂದ್ರೆ ಮುಖ ಒಂದು ಕಡೆ ಸೊಟ್ಟಗಾಗೋದು ಮಾತ್ರ. ಅರ್ಧ ಮೈ ಬಿದ್ದು ಹೋದ್ರೆ ಅದಕ್ಕೆ ‘ಫಾಲಿಜ್’ ಅಂತ ಬೇರೆ ಹೆಸರಿತ್ತು. ನಮ್ಮ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು, ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಕಚೇರಿ ಮಾತು, ದವಾಖಾನಿ ಮಾತು ಎಲ್ಲದರಲ್ಲೂ ಉರ್ದು ಬೆರೆತಿತ್ತು. ನಮ್ಮ ಬಾಯಲ್ಲಿ ಆ ಎರಡು ಹೆಸರಲ್ಲಿ ಒಂದೇ ಉಳೀತು. ಮುಖ ಸೊಟ್ಟಗಾದ್ರೂ ಲಕ್ವಾ, ಕೈಕಾಲು ಬಿದ್ರೂ ಲಕ್ವಾ.

ಇದರಲ್ಲೇನು ತಪ್ಪು ಅಂತೀರಾ? ಇಲ್ಲಿ ಜೀವಕ್ಕೇ ಕುತ್ತು ತರೋ ಒಂದು ಗೊಂದಲ ಇದೆ.

ಮುಖದ ನರ ಮಾತ್ರ ಊದಿಕೊಂಡು ಮುಖ ಸೊಟ್ಟಗಾಗೋದು ಒಂದು ರೋಗ. ಅದರ ಬಗ್ಗೆ ಬರೆದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಹೆಸರಲ್ಲಿ ಅದನ್ನ ‘ಬೆಲ್ಸ್ ಪಾಲ್ಸಿ’ ಅಂತಾರೆ. ಅದು ಬಂದವರಲ್ಲಿ ಬಹುಪಾಲು ಜನರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗೇ ವಾಸಿ ಆಗ್ತದೆ. ಎಣ್ಣೆ ಹಚ್ಚಿದ್ರೂ ವಾಸಿ, ಪಾರಿವಾಳದ ರಕ್ತ ತಿಕ್ಕಿದ್ರೂ ವಾಸಿ, ಏನೂ ಮಾಡದಿದ್ರೂ ವಾಸಿ. ಹೆಸರು ಮಾತ್ರ ಔಷಧ ಕೊಟ್ಟವರಿಗೆ! ‘ಅಲ್ಲಿಗೆ ಹೋದ್ರ ಲಕ್ವಾ ಗುಣ ಆಗ್ತೈತಿ’ ಅನ್ನೋ ಮಾತು ಹುಟ್ಟೋದು ಹೀಗೆ.

ಇನ್ನೊಂದು ರೋಗ ಮೆದುಳಿನ ಹೊಡೆತ, ಅಂದ್ರೆ ಸ್ಟ್ರೋಕ್. ಮೆದುಳಿನ ರಕ್ತನಾಳ ಕಟ್ಟಿಕೊಳ್ತದೆ, ಇಲ್ಲಾ ಒಡೀತದೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವೆ ಅಂತ 2006ರ ಒಂದು ಲೆಕ್ಕಾಚಾರ ಹೇಳ್ತದೆ. ಇದನ್ನೂ ಲಕ್ವಾ ಅಂತಲೇ ಕರೆದು, ಮೊದಲನೇ ರೋಗಕ್ಕೆ ಹೆಸರಾದ ಜಾಗಕ್ಕೇ ಕರ್ಕೊಂಡು ಹೋದ್ರೆ ದಾರಿಯಲ್ಲೇ ಹೊತ್ತು ಕಳೀತದೆ. ಹೊತ್ತು ಕಳೆದಂಗ ಮೆದುಳೂ ಕಳೀತದೆ.

ಈ ರೋಗದ ಬೇರು ಮೆದುಳಲ್ಲಿದೆ ಅಂತ ಹೆಣ ಕೊಯ್ದು ತೋರಿಸಿದವನು ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್, 1658ರಲ್ಲಿ. ಹಠಾತ್ತಾಗಿ ಬಿದ್ದು ಸತ್ತವರ ಮೆದುಳಿನಲ್ಲಿ ರಕ್ತ ಸೋರಿದ್ದನ್ನು ಅವನು ಕಂಡ. ಅದೂ ಸತ್ತ ಮೇಲೆ. ಬದುಕಿದ್ದವರ ಮೆದುಳಿನ ಸುದ್ದಿ ಹೇಳೋಕೆ ಇನ್ನೂ 300 ವರ್ಷ ಬೇಕಾಯ್ತು.

📍 ಭಾಗ 3/8: ಕರೆಂಟು ಕೊಟ್ಟವರು, ಕರೆಂಟು ತಿಂದವರು

1870, ಬರ್ಲಿನ್. ಗುಸ್ತಾವ್ ಫ್ರಿಚ್, ಎಡ್ವರ್ಡ್ ಹಿಟ್ಜಿಗ್ ಅನ್ನೋ ಇಬ್ಬರು ವೈದ್ಯರು. ಪ್ರಯೋಗಾಲಯದಲ್ಲಿ ಜಾಗ ಇರಲಿಲ್ಲ, ಹಿಟ್ಜಿಗ್ ಮನೆಯಲ್ಲೇ ಕೆಲಸ. ನಾಯಿಯ ಮೆದುಳಿನ ಮೇಲ್ಪದರಕ್ಕೆ ಸಣ್ಣ ಕರೆಂಟು ಮುಟ್ಟಿಸಿದರು. ಎಡಗಡೆ ಮುಟ್ಟಿಸಿದ್ರೆ ಬಲಗಾಲು ಜಗ್ಗಿತು. ಜಾಗ ಸ್ವಲ್ಪ ಸರಿಸಿದ್ರೆ ಬೇರೆ ಸ್ನಾಯು. ಅಲ್ಲೀತನಕ ದೊಡ್ಡ ದೊಡ್ಡ ಪಂಡಿತರೇ ‘ಮೆದುಳಿನ ಮೇಲ್ಪದರಕ್ಕೆ ಕರೆಂಟು ಕೊಟ್ರೆ ಏನೂ ಆಗಲ್ಲ’ ಅಂತಿದ್ರು. ಆ ಮಾತು ಅವತ್ತಿಗೆ ಮುಗೀತು. ಎಡ ಮೆದುಳು ಬಲ ಮೈಯನ್ನು ಆಡಿಸ್ತದೆ, ಮೆದುಳಿನಲ್ಲಿ ಕೈಗೊಂದು ಜಾಗ, ಕಾಲಿಗೊಂದು ಜಾಗ ಇದೆ ಅನ್ನೋದು ಪ್ರಯೋಗದಲ್ಲೇ ಕಂಡಿತು.

ಇನ್ನು ಮನುಷ್ಯರ ಮೇಲೆ ಯಾರು ಮಾಡ್ತಾರೆ?

1874, ಅಮೆರಿಕದ ಸಿನ್ಸಿನಾಟಿ. ಮೇರಿ ರಾಫರ್ಟಿ ಅನ್ನೋ ಹೆಣ್ಣುಮಗಳು. ಐರ್ಲೆಂಡಿನಿಂದ ಬಂದವಳು, ಮನೆಗೆಲಸ ಮಾಡಿ ಬದುಕ್ತಿದ್ದಳು. ತಲೆ ಮೇಲಿನ ಹುಣ್ಣು ಕ್ಯಾನ್ಸರಾಗಿ ಬುರುಡೆಯನ್ನೇ ತಿಂದು ಮೆದುಳು ಕಾಣ್ತಿತ್ತು. ಡಾಕ್ಟರ್ ರಾಬರ್ಟ್ಸ್ ಬಾರ್ತಲೋ ಆ ಮೆದುಳಿಗೆ ಸೂಜಿ ಚುಚ್ಚಿ ಕರೆಂಟು ಹಾಯಿಸಿದ. ಎದುರು ಬದಿಯ ಕೈಕಾಲು ಆಡಿದವು. ಕರೆಂಟು ಜಾಸ್ತಿ ಮಾಡಿದ, ಆಕೆಗೆ ಫಿಟ್ಸ್ ಬಂತು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಮನುಷ್ಯರ ಮೆದುಳಿನ ಮೇಲೆ ಇಂಥ ಪ್ರಯೋಗ ನಡೆದದ್ದು ಅದೇ ಮೊದಲು ಅಂತ ಇತಿಹಾಸ ಬರೀತದೆ. ಆ ಕಾಲದ ವೈದ್ಯರೇ ಬಾರ್ತಲೋನನ್ನ ಖಂಡಿಸಿದರು.

ಈ ಹೆಸರು ನೆನಪಿಟ್ಕೊಳ್ರಿ: ಮೇರಿ ರಾಫರ್ಟಿ. ವಿಜ್ಞಾನದ ಇತಿಹಾಸದಲ್ಲಿ ಕಂಡುಹಿಡಿದವರ ಹೆಸರು ದಪ್ಪಕ್ಷರದಲ್ಲಿ ಇರ್ತದೆ, ನೋವು ತಿಂದವರದು ಅಡಿಟಿಪ್ಪಣಿಯಲ್ಲಿ. ‘ಮೆದುಳನ್ನು ಅಳೀಬೇಕು, ಆದರೆ ಮನುಷ್ಯರಿಗೆ ನೋವಾಗಬಾರದು’ ಅನ್ನೋ ಹುಡುಕಾಟಕ್ಕೆ ಯಾಕೆ ಅಷ್ಟು ತೂಕ ಅಂತ ಅರ್ಥ ಆಗ್ಬೇಕಾದ್ರೆ ಈಕೆ ಬೇಕು.

1930ರ ದಶಕದಲ್ಲಿ ಕೆನಡಾದ ವೈಲ್ಡರ್ ಪೆನ್‌ಫೀಲ್ಡ್, ಫಿಟ್ಸ್ ರೋಗಿಗಳ ಶಸ್ತ್ರಚಿಕಿತ್ಸೆ ಮಾಡುವಾಗ, ರೋಗಿ ಎಚ್ಚರ ಇರುವಾಗಲೇ ಮೆದುಳಿನ ನಕ್ಷೆ ತಯಾರಿಸಿದ. ನಮ್ಮ ಪಠ್ಯದಲ್ಲಿ ದೊಡ್ಡ ಕೈ, ದೊಡ್ಡ ತುಟಿ ಇರೋ ವಿಚಿತ್ರ ಮನುಷ್ಯನ ಚಿತ್ರ ಇರ್ತದಲ್ಲ, ಅದು ಅಲ್ಲಿಂದ ಬಂದದ್ದು. ಆದರೆ ಅದಕ್ಕೂ ಬುರುಡೆ ತೆಗೀಲೇಬೇಕಿತ್ತು. ಲಕ್ವಾ ಹೊಡೆದ ಅಜ್ಜನ ಬುರುಡೆಯನ್ನು ‘ಸುಮ್ನೆ ನೋಡಾಕ’ ಯಾರು ತೆಗೀತಾರೆ?

📍 ಭಾಗ 4/8: ಮುನಿರಾಬಾದ್ ಪವರ್‌ಹೌಸಿನ ಪಾಠ

ಬುರುಡೆ ಮೂಳೆ ಕರೆಂಟನ್ನು ಸುಲಭಕ್ಕೆ ಬಿಡಲ್ಲ. 1980ರಲ್ಲಿ ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ಬುರುಡೆ ತೆಗೆಯದೆ, ನೆತ್ತಿಯ ಚರ್ಮದ ಮೇಲಿಂದಲೇ ಹೆಚ್ಚು ವೋಲ್ಟೇಜಿನ ಒಂದು ಚಿಕ್ಕ ಹೊಡೆತ ಕೊಟ್ಟು ಕೈ ಆಡಿಸಿದರು. ಕೆಲಸ ಆಯ್ತು. ಆದರೆ ನೋವು! ಚರ್ಮ, ಸ್ನಾಯು ಎಲ್ಲ ಹಿಂಡಿದಂಗ. ರೋಗಿಗೆ ಮತ್ತೆ ಮತ್ತೆ ಮಾಡೋ ಪರೀಕ್ಷೆ ಅದಲ್ಲ.

ದಾರಿ ತೋರಿಸಿದ್ದು 150 ವರ್ಷ ಹಳೆಯ ಒಂದು ನಿಯಮ. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದದ್ದು: ಆಯಸ್ಕಾಂತದ ಕ್ಷೇತ್ರ ಬದಲಾಗ್ತಿದ್ರೆ ಹತ್ತಿರದ ವಾಹಕದಲ್ಲಿ ಕರೆಂಟು ಹುಟ್ತದೆ. ಇದು ನಮಗೆ ದೂರದ ಮಾತಲ್ಲ. ತುಂಗಭದ್ರಾ ಡ್ಯಾಮಿನ ನೀರು ಬಿದ್ದು ಮುನಿರಾಬಾದ್ ಪವರ್‌ಹೌಸಿನಲ್ಲಿ ಕರೆಂಟು ತಯಾರಾಗೋದು ಇದೇ ನಿಯಮದಿಂದ. ತಂತಿ ಮತ್ತು ಆಯಸ್ಕಾಂತ, ಒಂದು ತಿರುಗ್ತಿರಬೇಕು, ಅಷ್ಟೆ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್, ರೆಜಾ ಜಲಿನೂಸ್, ಇಯಾನ್ ಫ್ರೀಸ್ಟನ್ ಇದನ್ನು ಮೆದುಳಿಗೆ ತಂದರು. ತಾಮ್ರದ ತಂತಿಯ ಸುರುಳಿ ತಲೆ ಮೇಲೆ ಹಿಡಿದು, ಅದರಲ್ಲಿ ಸಾವಿರಾರು ಆಂಪಿಯರ್ ಕರೆಂಟನ್ನು ಕಣ್ಣು ಮಿಟುಕಿಸೋದಕ್ಕಿಂತ ಬೇಗ ಹಾಯಿಸಿ ನಿಲ್ಲಿಸೋದು. ಸಾವಿರದ ಒಂದು ಭಾಗ ಸೆಕೆಂಡಿಗಿಂತಲೂ ಕಡಿಮೆ ಹೊತ್ತು, ಸುಮಾರು ಎಂಆರ್‌ಐ ಯಂತ್ರದಷ್ಟು ಬಲದ ಆಯಸ್ಕಾಂತ ಕ್ಷೇತ್ರ ಎದ್ದು ಬೀಳ್ತದೆ. ಮೂಳೆ ಕರೆಂಟನ್ನು ತಡೀತದೆ, ಆಯಸ್ಕಾಂತ ಕ್ಷೇತ್ರವನ್ನು ತಡೆಯಲ್ಲ. ಅದು ಒಳಗೆ ಹೋಗಿ, ಮೆದುಳಿನ ಮೇಲ್ಪದರದಲ್ಲೇ ಒಂದು ಸಣ್ಣ ಕರೆಂಟು ಹುಟ್ಟಿಸ್ತದೆ. ‘ಟಕ್’ ಅಂತ ಒಂದು ಸದ್ದು. ಸುಮಾರು 20 ಮಿಲಿಸೆಕೆಂಡಿಗೆ ಎದುರು ಬದಿಯ ಕೈಬೆರಳು ಜಿಗೀತದೆ. ಬಟ್ಟೆ ಬಿಚ್ಚೋದಿಲ್ಲ, ಚುಚ್ಚೋದಿಲ್ಲ, ಹೇಳಿಕೊಳ್ಳೋವಂಥ ನೋವಿಲ್ಲ.

ಈ ವಿಧಾನದ ಹೆಸರು ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಟಿಎಂಎಸ್. ಕನ್ನಡದಲ್ಲಿ ‘ಬುರುಡೆಯಾಚೆಯ ಆಯಸ್ಕಾಂತ ಪ್ರಚೋದನೆ’ ಅನ್ನಬಹುದು. 1988ರಲ್ಲಿ ಜಪಾನಿನ ಶೋಗೋ ಉಏನೋ ಸುರುಳಿಯನ್ನು ಇಂಗ್ಲಿಷಿನ ಎಂಟರ ಆಕಾರಕ್ಕೆ ತಂದ ಮೇಲೆ ಮೆದುಳಿನ ಸಣ್ಣ ಜಾಗವನ್ನೇ ಗುರಿಯಿಟ್ಟು ತಟ್ಟೋಕೆ ಸಾಧ್ಯ ಆಯ್ತು. ಹಿರೇಬೆಣಕಲ್ ನಗಾರಿಗೆ ಕಟ್ಟಿಗೆಯ ಕೋಲು, ಮೆದುಳಿಗೆ ಆಯಸ್ಕಾಂತದ ಕೋಲು 🙂

📍 ಭಾಗ 5/8: ಮೋಟಾರ್ ಸುಟ್ಟೈತೋ, ವೈರ್ ಕಟ್ಟಾಗೈತೋ?

ಸರಿ, ತಟ್ಟಿದ್ವಿ. ಏನನ್ನ ಅಳೀತೀವಿ?

ಬೋರ್‌ವೆಲ್ ಇರೋ ಮನೆಯವರಿಗೆ ಇದು ಬೇಗ ತಿಳೀತದೆ. ಬಟನ್ ಒತ್ತಿದ್ರಿ, ನೀರು ಬರಲಿಲ್ಲ. ಆಗ ಏನ್ ಮಾಡ್ತೀರಿ? ಸೀದಾ ಮೋಟಾರ್ ಎತ್ತಿಸಲ್ಲ. ಮೊದಲು ಸ್ಟಾರ್ಟರ್‌ಗೆ ಕರೆಂಟು ಬಂದೈತಾ ನೋಡ್ತೀರಿ, ಆಮೇಲೆ ಕೇಬಲ್ ಕಟ್ಟಾಗೈತಾ ನೋಡ್ತೀರಿ. ಲಕ್ವಾ ಆದ ಕೈಯೂ ಹಂಗೇ. ಕೈಯ ಸ್ನಾಯು ಕೆಟ್ಟಿರಲ್ಲ, ಅದು ಮೋಟಾರು. ಮೆದುಳಿನಿಂದ ಬೆನ್ನುಹುರಿ ಮೂಲಕ ಬರೋ ನರದ ಕೇಬಲ್ ಪೂರ್ತಿ ಕಟ್ಟಾಗಿದೆಯೋ, ಅರ್ಧ ಉಳಿದಿದೆಯೋ, ಇಲ್ಲಾ ಕೇಬಲ್ ಚೆನ್ನಾಗಿದ್ದು ಸ್ಟಾರ್ಟರ್ ಮಾತ್ರ ಎತ್ತುತ್ತಿಲ್ಲವೋ? ಹೊರಗಿನಿಂದ ನೋಡಿದ್ರೆ ಮೂರೂ ಒಂದೇ. ಕೈ ಆಡಲ್ಲ, ಅಷ್ಟೆ.

ಟಿಎಂಎಸ್ ಇಲ್ಲಿ ಕೆಲವು ಅಳತೆ ಕೊಡ್ತದೆ:

1️⃣ ಉತ್ತರ ಬರ್ತದಾ? ತಲೆ ಮೇಲೆ ತಟ್ಟಿದಾಗ ಕೈ ಸ್ನಾಯುವಿಗೆ ಅಂಟಿಸಿದ ಪಟ್ಟಿಯಲ್ಲಿ ವಿದ್ಯುತ್ ಅಲೆ ಕಾಣ್ತದಾ? ಇದನ್ನ ಎಂಇಪಿ ಅಂತಾರೆ. ಕಣ್ಣಿಗೆ ಬೆರಳು ಆಡಿದ್ದು ಕಾಣದಿದ್ರೂ ಯಂತ್ರಕ್ಕೆ ಅಲೆ ಕಾಣಬಹುದು. ಅಲೆ ಇದ್ರೆ ಕೇಬಲ್ ಪೂರ್ತಿ ಕಟ್ಟಾಗಿಲ್ಲ ಅಂತ ಅರ್ಥ.

2️⃣ ಎಷ್ಟು ಜೋರಾಗಿ ತಟ್ಟಬೇಕು? ಸಾಮಾನ್ಯವಾಗಿ 10 ಸಲ ತಟ್ಟಿದಾಗ ಕನಿಷ್ಠ 5 ಸಲ 50 ಮೈಕ್ರೋವೋಲ್ಟ್ ಅಲೆ ಬರೋಕೆ ಬೇಕಾದ ಬಲವನ್ನ ‘ಹೊಸ್ತಿಲು’ ಅಂತ ಲೆಕ್ಕ ಹಾಕ್ತಾರೆ. ಹೊಸ್ತಿಲು ಎತ್ತರ ಆದ್ರೆ ಮೆದುಳಿನ ಆ ಭಾಗ ಸುಲಭಕ್ಕೆ ಏಳ್ತಿಲ್ಲ ಅಂತ ಅರ್ಥ.

3️⃣ ಒಳಗಿನ ಬ್ರೇಕ್ ಹೆಂಗೈತಿ? 1993ರಲ್ಲಿ ಕುಜಿರಾಯ್ ಮತ್ತು ಸಂಗಡಿಗರು ಒಂದು ಚಂದದ ತಂತ್ರ ತೋರಿಸಿದರು. ಮೊದಲು ಮೆಲ್ಲಗೆ ಒಂದು ತಟ್ಟು, ಎರಡು-ಮೂರು ಮಿಲಿಸೆಕೆಂಡ್ ಬಿಟ್ಟು ಜೋರಾಗಿ ಇನ್ನೊಂದು. ಆರೋಗ್ಯವಂತ ಮೆದುಳಿನಲ್ಲಿ ಎರಡನೇ ಉತ್ತರ ಸಣ್ಣದಾಗ್ತದೆ. ಯಾಕಂದ್ರೆ ಮೊದಲನೇ ತಟ್ಟು ಒಳಗಿನ ಬ್ರೇಕ್ ನರಕೋಶಗಳನ್ನ ಎಬ್ಬಿಸಿರ್ತದೆ.

ಈ ಬ್ರೇಕ್ ಯಾಕೆ ಮುಖ್ಯ? ಎಡದಂಡೆ ಕಾಲುವೆ ನೆನಪಿಸ್ಕೊಳ್ರಿ. ಗೇಟು ಎಲ್ಲಾ ಪೂರ್ತಿ ತೆರೆದಿಟ್ರೆ ಮೇಲಿನವರ ಗದ್ದೆ ಮುಳುಗ್ತದೆ, ಕೊನೇ ಭಾಗದವರಿಗೆ ಹನಿ ನೀರಿಲ್ಲ. ಮೆದುಳೂ ಗೇಟುಗಳಿಂದಲೇ ಕೆಲಸ ಮಾಡೋದು. ಒಂದು ಬೆರಳು ಎತ್ತಬೇಕಾದ್ರೆ ಉಳಿದ ನಾಲ್ಕನ್ನ ತಡೀಬೇಕು.

📍 ಭಾಗ 6/8: ಹೊಡೆತ ಬಿದ್ದ ಮೇಲೆ ಮೆದುಳು ಸುಮ್ಮನೆ ಕೂಡಲ್ಲ

ಸ್ಟ್ರೋಕ್ ಆದವರನ್ನ ಹೀಗೆ ಅಳೆದಾಗ ಏನು ಕಂಡಿತು?

ಹೊಡೆತ ಬಿದ್ದ ಬದಿಯಲ್ಲಿ ಹೊಸ್ತಿಲು ಎತ್ತರ ಆಗಿರ್ತದೆ, ಕೆಲವರಲ್ಲಿ ಉತ್ತರವೇ ಬರಲ್ಲ. ಬ್ರೇಕ್ ಮಾತ್ರ ಸಡಿಲ ಆಗಿರ್ತದೆ. ಉಳಿದ ಜೀವಂತ ಭಾಗ ಹೊಸ ದಾರಿ ಹುಡುಕೋಕೆ ಗೇಟು ಸಡಿಲ ಮಾಡ್ಕೊಳ್ತಿರಬಹುದು ಅಂತ ಅನೇಕ ವಿಜ್ಞಾನಿಗಳ ಅಂದಾಜು.

2000ದಲ್ಲಿ ಲೀಪರ್ಟ್ ಮತ್ತು ಸಂಗಡಿಗರ ಅಧ್ಯಯನ ಬಂತು. ಸ್ಟ್ರೋಕ್ ಆಗಿ ಬಹಳ ಕಾಲ ಕಳೆದವರ ಚೆನ್ನಾಗಿರೋ ಕೈಯನ್ನ ಕಟ್ಟಿಟ್ಟು, ಬಿದ್ದ ಕೈಯಿಂದಲೇ ಕೆಲಸ ಮಾಡಿಸಿದರು. ಮೊದಲೊಮ್ಮೆ, ನಂತರ ಒಮ್ಮೆ ಟಿಎಂಎಸ್‌ನಿಂದ ಮೆದುಳಿನ ನಕ್ಷೆ ತೆಗೆದರು. ಎರಡೇ ವಾರದ ತರಬೇತಿ ಆದ ಮೇಲೆ ಹೊಡೆತ ಬಿದ್ದ ಬದಿಯಲ್ಲಿ ಕೈಯ ಜಾಗ ದೊಡ್ಡದಾಗಿತ್ತು. ‘ವಯಸ್ಸಾದ ಮೆದುಳು ಬದಲಾಗಲ್ಲ’ ಅನ್ನೋ ಹಳೇ ನಂಬಿಕೆಗೆ ಇದು ಅಂಕಿಯಲ್ಲಿ ಕೊಟ್ಟ ಉತ್ತರ.

2004ರಲ್ಲಿ ಮುರಾಸೆ ಮತ್ತು ಸಂಗಡಿಗರು ಇನ್ನೊಂದು ಕಂಡರು. ಬಿದ್ದ ಕೈ ಆಡಿಸೋಕೆ ಹೊರಟ ಕ್ಷಣದಲ್ಲಿ ಚೆನ್ನಾಗಿರೋ ಬದಿಯ ಮೆದುಳು ಅದನ್ನ ಅದುಮಿ ಹಿಡೀತಿತ್ತು. ಹಂಗಾದ್ರೆ ಚೆನ್ನಾಗಿರೋ ಬದಿಯನ್ನ ಆಯಸ್ಕಾಂತದಿಂದ ಸ್ವಲ್ಪ ತಣ್ಣಗೆ ಮಾಡಿದ್ರೆ ಬಿದ್ದ ಕೈ ಏಳಬೇಕಲ್ಲ? ಲೆಕ್ಕ ಚಂದ ಇತ್ತು. ಅಮೆರಿಕದ ಹಲವು ಕೇಂದ್ರಗಳಲ್ಲಿ ದೊಡ್ಡ ಪರೀಕ್ಷೆ ಮಾಡಿದರು. ಅರ್ಧ ಜನರಿಗಿಂತ ಹೆಚ್ಚಿನವರಿಗೆ ನಿಜವಾದ ತಟ್ಟು, ಉಳಿದವರಿಗೆ ಬರೀ ನಾಟಕದ ತಟ್ಟು, ಎಲ್ಲರಿಗೂ ವ್ಯಾಯಾಮ. 2018ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪು ಸುಧಾರಿಸಿದವು, ಆದರೆ ಗುಂಪುಗಳ ನಡುವೆ ವ್ಯತ್ಯಾಸ ಇಲ್ಲ!

ಇದನ್ನ ಸೋಲು ಅನ್ನಬ್ಯಾಡ್ರಿ. ಅಳೆಯೋ ಕೋಲು ಬೇರೆ, ವಾಸಿ ಮಾಡೋ ಔಷಧ ಬೇರೆ. ಥರ್ಮಾಮೀಟರ್ ಜ್ವರ ಇಳಿಸಲ್ಲ, ಆದರೆ ಅದಿಲ್ಲದೆ ಜ್ವರ ಇಳಿದದ್ದು ಗೊತ್ತಾಗಲ್ಲ. ನಾಳೆ ಯಾರಾದ್ರೂ ‘ಆಯಸ್ಕಾಂತದಿಂದ ಲಕ್ವಾ ಗ್ಯಾರಂಟಿ ಗುಣ’ ಅಂತ ರೀಲ್ಸ್ ಹಾಕಿದ್ರೆ ಈ 2018ರ ಕಥೆ ನೆನಪಿರಲಿ.

ಅಳತೆ ನಿಜವಾಗಿ ಉಪಯೋಗಕ್ಕೆ ಬಂದದ್ದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಕ್ಯಾಥಿ ಸ್ಟಿನಿಯರ್ ಮತ್ತು ತಂಡ 2012ರಲ್ಲಿ ಒಂದು ಲೆಕ್ಕ ಶುರು ಮಾಡಿ, 2017ರಲ್ಲಿ ತಿದ್ದಿ ‘ಪ್ರೆಪ್ 2’ ಅಂತ ಹೊರತಂದರು. ಸ್ಟ್ರೋಕ್ ಆದ 3 ದಿನದೊಳಗೆ ರೋಗಿ ಭುಜವನ್ನ ಪಕ್ಕಕ್ಕೆ ಎತ್ತಬಲ್ಲರಾ, ಬೆರಳು ಬಿಚ್ಚಬಲ್ಲರಾ ಅಂತ ನೋಡಿ, ಒಂದೊಂದಕ್ಕೆ 5ರಂತೆ ಒಟ್ಟು 10 ಅಂಕ. 5 ಅಥವಾ ಮೇಲೆ ಬಂದ್ರೆ ಯಂತ್ರವೇ ಬೇಡ, ಕೈ ಚೆನ್ನಾಗೇ ಬರೋ ಸಾಧ್ಯತೆ ಇದೆ. 5ಕ್ಕಿಂತ ಕಡಿಮೆ ಬಂದವರಿಗೆ ಮಾತ್ರ ಟಿಎಂಎಸ್. ಕೈ ಪೂರ್ತಿ ಬಿದ್ದಿದ್ರೂ ಅಲೆ ಬಂತಾ? ಹಂಗಾದ್ರೆ 3 ತಿಂಗಳಿಗೆ ಕೈ ಉಪಯೋಗಕ್ಕೆ ಬರೋ ನಿರೀಕ್ಷೆ ಇಡಬಹುದು. ನೂರಕ್ಕೆ ಸುಮಾರು 75 ಜನರಲ್ಲಿ ಈ ಭವಿಷ್ಯ ನಿಜ ಆಗ್ತದೆ.

ಉಳಿದ 25ರಲ್ಲಿ ತಪ್ತದೆ. ಅದನ್ನೂ ನೆನಪಿಡ್ರಿ.

📍 ಭಾಗ 7/8: ದಿಲ್ಲಿ, ಬೆಂಗಳೂರು

ಇದೆಲ್ಲ ಪರದೇಶದ ಕಥೆ ಅಂದ್ಕೋಬ್ಯಾಡ್ರಿ.

ದಿಲ್ಲಿಯ ಐಐಟಿ ಮತ್ತು ಏಮ್ಸ್ ಸೇರಿ ಮಣಿಕಟ್ಟು, ಬೆರಳಿಗೆ ತೊಡಿಸೋ ಒಂದು ರೋಬೋಟ್ ಕೈಗವಸಿನಂಥ ಸಾಧನ ಮಾಡಿದವು. ಅಮಿತ್ ಮೆಹಂದಿರತ್ತ, ನೇಹಾ ಸಿಂಗ್ ಮತ್ತು ಸಂಗಡಿಗರು ಸ್ಟ್ರೋಕ್ ಆದವರಿಗೆ ವಾರಕ್ಕೆ 5 ದಿನದಂತೆ 4 ವಾರ ಅದರಲ್ಲಿ ವ್ಯಾಯಾಮ ಮಾಡಿಸಿದರು. ಮೊದಲು ಮತ್ತು ನಂತರ ಟಿಎಂಎಸ್‌ನಿಂದ ಅಳೆದರು. 2021ರಲ್ಲಿ ಪ್ರಕಟವಾದ ವರದಿ ಪ್ರಕಾರ ಹೊಡೆತ ಬಿದ್ದ ಬದಿಯ ಹೊಸ್ತಿಲು ಇಳಿದಿತ್ತು, ಅಲೆಯ ಎತ್ತರ ಏರಿತ್ತು. ಅಂದ್ರೆ ‘ಕೈ ಸ್ವಲ್ಪ ಸಡಿಲಾಗೈತಿ’ ಅನ್ನೋ ಅನುಭವದ ಹಿಂದೆ ಮೆದುಳಿನ ಬದಲಾವಣೆಯೂ ಇದೆ ಅಂತ ಅಂಕಿ ತೋರಿಸಿತು.

ಇನ್ನು ನಮ್ಮ ನಿಮ್ಹಾನ್ಸ್. 1847ರ ಹೊತ್ತಿಗೆ ಬೆಂಗಳೂರಲ್ಲಿ ಅದೊಂದು ಹುಚ್ಚಾಸ್ಪತ್ರೆ. 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಅಂತ ಹೆಸರು ಬದಲಾಯ್ತು. 1954ರಲ್ಲಿ ಅಲ್ಲೇ ಅಖಿಲ ಭಾರತ ಸಂಸ್ಥೆ ಹುಟ್ಟಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಕೂಡಿಹಾಕೋ ಜಾಗವಾಗಿ ಶುರುವಾದದ್ದು ಮೆದುಳನ್ನ ಅಳೆಯೋ ಜಾಗ ಆಯ್ತು. ಅಲ್ಲಿನ ನರತಜ್ಞ ಡಾ. ಪ್ರಮೋದ್ ಕುಮಾರ್ ಪಾಲ್ ಮತ್ತು ಸಂಗಡಿಗರು ಪಾರ್ಕಿನ್ಸನ್, ಅಟಾಕ್ಸಿಯಾ ಥರದ ನಡುಕ-ತೂರಾಟದ ರೋಗಗಳಲ್ಲಿ ಟಿಎಂಎಸ್ ಅಳತೆ ಮಾಡಿದ್ದಾರೆ. ಅದೇ ಹೊಸ್ತಿಲು, ಅದೇ ಅಲೆ, ಅದೇ ಬ್ರೇಕ್. ಮನೋವೈದ್ಯ ಡಾ. ಉರ್ವಕ್ಷ್ ಮೆಹ್ತಾ ಮತ್ತು ತಂಡ ಇದೇ ಉಪಾಯವನ್ನ ಸ್ಕಿಜೋಫ್ರೇನಿಯಾ ಅಧ್ಯಯನಕ್ಕೆ ಬಳಸಿದರು.

ಎಲ್ಲರಿಗೂ ಈ ಪರೀಕ್ಷೆ ಮಾಡೋಕಾಗಲ್ಲ ಅನ್ನೋದೂ ಗೊತ್ತಿರಲಿ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಅಪಾಯ. ಫಿಟ್ಸ್ ಇರೋರಿಗೆ ಹೆಚ್ಚಿನ ಎಚ್ಚರ ಬೇಕು. ಮೇರಿ ರಾಫರ್ಟಿ ಕಾಲದಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನ ಇವತ್ತು ಒಂದು ಫಾರಂನಲ್ಲಿ ಮೊದಲೇ ಕೇಳ್ತಾರೆ. ಇತಿಹಾಸ ಸ್ವಲ್ಪ ಬುದ್ಧಿ ಕಲಿಸಿದೆ.

📍 ಭಾಗ 8/8: ಕೊಪ್ಪಳಕ್ಕೆ ಇದರಿಂದ ಏನು?

ಕಷ್ಟದ ಪ್ರಶ್ನೆ ಇದೇ. ನಮ್ಮದು 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ. ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದ್ದು 2015ರಲ್ಲಿ. ಅದಕ್ಕೂ ಮೊದಲು ದೊಡ್ಡ ರೋಗ ಅಂದ್ರೆ ಹುಬ್ಬಳ್ಳಿ, ಬಳ್ಳಾರಿ, ಬೆಂಗಳೂರು ಅಂತ ಬಸ್ಸು-ರೈಲು ಹತ್ತೋದೇ ಆಗಿತ್ತು. ಈಗಲೂ ಎಷ್ಟೋ ಮನೆಯವರಿಗೆ ಅದೇ ದಾರಿ. ಕುಷ್ಟಗಿಯ ಹಳ್ಳಿಯೊಂದರಲ್ಲಿ ಬಿದ್ದ ಮನುಷ್ಯನಿಗೆ ಆಕ್ಲೆಂಡಿನ ಲೆಕ್ಕ ತಗೊಂಡು ಏನ್ ಮಾಡೋದು?

ನನಗೆ ಕಾಣೋದು ಮೂರು ಮಾತು.

ಒಂದು. ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರೋ ಭಾಗಕ್ಕೆ ಯಂತ್ರವೇ ಬೇಕಿಲ್ಲ. ಪ್ರೆಪ್ 2ರ ಮೊದಲ ಮೆಟ್ಟಿಲು ಭುಜ ಮತ್ತು ಬೆರಳು. 2010ರಲ್ಲಿ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಹೇಳಿದ್ದು ಕೇಳ್ರಿ: 72 ಗಂಟೆಯೊಳಗೆ ಬೆರಳು ಸ್ವಲ್ಪ ಬಿಚ್ಚೋಕೆ, ಭುಜ ಸ್ವಲ್ಪ ಎತ್ತೋಕೆ ಬಂದವರಲ್ಲಿ ನೂರಕ್ಕೆ 98 ಜನರಿಗೆ 6 ತಿಂಗಳಿಗೆ ಒಂದಿಷ್ಟು ಕೈಕೆಲಸ ಮರಳುವ ಸಾಧ್ಯತೆ ಇತ್ತು. ಎರಡೂ ಬಾರದವರಲ್ಲಿ ನೂರಕ್ಕೆ 25. ಇದನ್ನ ನೋಡೋಕೆ ತರಬೇತಾದ ಒಬ್ಬ ಫಿಸಿಯೋಥೆರಪಿಸ್ಟ್ ಸಾಕು. ಕೋಟಿ ರೂಪಾಯಿ ಯಂತ್ರಕ್ಕಿಂತ ಮೊದಲು ತಾಲ್ಲೂಕಿಗೊಬ್ಬ ಫಿಸಿಯೋ ಬೇಕು ಅಂತ ಕೇಳೋಕೆ ಇದು ಗಟ್ಟಿ ಆಧಾರ. ನಮ್ಮ ಕ್ಲಾಸಿನಲ್ಲಿ ಯಾರಾದ್ರೂ ಆ ಓದಿಗೆ ಹೋಗೋರಿದ್ರೆ ಹೋಗ್ರಿ, ಊರಿಗೆ ವಾಪಸ್ ಬರ್ರಿ.

ಎರಡು. ಆ 25 ಜನರನ್ನ ಮರೀಬಾರದು. ಅಂಕಿ ಕೆಟ್ಟದ್ದು ಬಂತು ಅಂತ ಮನುಷ್ಯನನ್ನ ಮೂಲೆಗೆ ಹಾಕೋಕೆ ಅಳತೆ ಅಲ್ಲ. ಬಲಗೈ ಬರೋ ಸಾಧ್ಯತೆ ಕಡಿಮೆ ಅಂದ್ರೆ ಎಡಗೈಲಿ ಉಣ್ಣೋದು, ಅಂಗಿ ತೊಡೋದು ಬೇಗ ಕಲಿಸಬಹುದು. ಬರ್ತದೆ ಅಂದ್ರೆ ‘ಸಾಕು ಬಿಡ್ರಿ’ ಅನ್ನದೆ ವ್ಯಾಯಾಮಕ್ಕೆ ಹಠ ಹಿಡೀಬಹುದು. ಎರಡೂ ಕಡೆ ಮನೆಯವರ ದುಡ್ಡು ಸರಿಯಾದ ಜಾಗಕ್ಕೆ ಹೋಗ್ತದೆ. ಎಮ್ಮೆ ಮಾರಿ ಎಲ್ಲೆಲ್ಲೋ ಅಲೆಯೋದು ತಪ್ತದೆ. ಒಳ್ಳೆ ಸುದ್ದಿ ಇರಲಿ, ಕೆಟ್ಟ ಸುದ್ದಿ ಇರಲಿ, ಖರೆ ಸುದ್ದಿ ತಿಳಿಯೋ ಹಕ್ಕು ಬಡವರಿಗೂ ಐತಿ.

ಮೂರು. ಮೆದುಳು ಎಷ್ಟು ಉಳೀತು ಅಂತ ಅಳೆಯೋದು ಆಮೇಲಿನ ಮಾತು. ಮೊದಲು ಉಳಿಸ್ಬೇಕು. ಮುಖ ಜೋತು ಬಿದ್ದಿತಾ, ಕೈ ಎತ್ತಿದ್ರೆ ಕೆಳಗೆ ಜಾರ್ತದಾ, ಮಾತು ತೊದಲ್ತದಾ? ಇದರಲ್ಲಿ ಒಂದು ಕಂಡ್ರೂ ಗಡಿಯಾರ ನೋಡ್ರಿ, 108ಕ್ಕೆ ಫೋನ್ ಮಾಡ್ರಿ, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ. ನಾಳ ಕಟ್ಟಿದೆಯೋ ಒಡೆದಿದೆಯೋ ಅಂತ ಹೇಳೋದು ಸ್ಕ್ಯಾನ್ ಮಾತ್ರ. ಕಟ್ಟಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಬರೀ ಮುಖ ಸೊಟ್ಟಗಾಗೈತಿ, ‘ಇದು ಸಾದಾ ಲಕ್ವಾ’ ಅಂತ ಮನೆಯಲ್ಲೇ ತೀರ್ಮಾನ ಮಾಡಬ್ಯಾಡ್ರಿ. ಒಂದೇ ಹೆಸರು, ಎರಡು ರೋಗ. ಯಾವುದು ಅಂತ ಡಾಕ್ಟರು ಹೇಳ್ಲಿ.

ವೆಪ್ಫರ್ ಸತ್ತವರ ಮೆದುಳು ನೋಡಿದ. ಬಾರ್ತಲೋ ಸಾಯ್ತಿದ್ದವಳ ಮೆದುಳು ಚುಚ್ಚಿದ. ಬಾರ್ಕರ್ ಕುಂತಿದ್ದವರ ತಲೆ ಮೇಲೆ ಸುರುಳಿ ಹಿಡಿದ. ಸ್ಟಿನಿಯರ್ ಹಾಸಿಗೆ ಪಕ್ಕ ನಿಂತು ‘ಬೆರಳು ಬಿಚ್ಚಿ ನೋಡೋಣ’ ಅಂದಳು. 350 ವರ್ಷದ ದಾರಿ ಕೊನೆಗೆ ಬಂದು ನಿಂತದ್ದು ಒಬ್ಬ ಮನುಷ್ಯನ ಹಾಸಿಗೆ ಪಕ್ಕದಲ್ಲಿ, ಅವನ ಕೈ ಹಿಡ್ಕೊಂಡು. ಆ ಹಾಸಿಗೆ ಯಲಬುರ್ಗಾದಲ್ಲೂ ಇದೆ. ಪಕ್ಕದಲ್ಲಿ ನಿಲ್ಲೋರು ಬೇಕಾಗಿದ್ದಾರೆ.

ಈ ಸರಣಿ ಸೇವ್ ಮಾಡ್ಕೊಳ್ರಿ. ಮನೆಯ ಹಿರಿಯರಿಗೆ ಕೊನೇ ಭಾಗ ಓದಿ ಹೇಳ್ರಿ, ಮುಖ್ಯವಾಗಿ ಬಿಪಿ ಗುಳಿಗಿ ‘ಈಗ ಆರಾಮ ಐತಿ’ ಅಂತ ಬಿಟ್ಟವರಿಗೆ 🙏

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ಲಕ್ವಾ #ಮೆದುಳಿನಇತಿಹಾಸ #ಕನ್ನಡದಲ್ಲಿವಿಜ್ಞಾನ